ಬಿ ಫಾರಂ ಯಾರ ಜೇಬಿನಲ್ಲಿ?

ನಮ್ಮ ದಾವಣಗೆರೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಅಟ್ಟದ ಮೇಲೆ ಎಂಟು ಕಟ್ಟು ಕರಪತ್ರ ಇವತ್ತಿಗೂ ಧೂಳು ತಿನ್ನುತ್ತಾ ಬಿದ್ದಿವೆ. 2023ರ ಮಾರ್ಚಿ ತಿಂಗಳ ಸರಕು. ಮೇಲ್ಗಡೆ ಕೈ ಮುಗಿದು ನಿಂತ ಒಬ್ಬ ಮಹಾಶಯರ ಫೋಟೋ, ಕೆಳಗೆ 'ನಿಮ್ಮ ಮನೆಯ ಮಗ' ಎಂಬ ದಪ್ಪಕ್ಷರ, ಅದರ ಕೆಳಗೆ ಪಾರ್ಟಿಯ ಗುರುತು ಅಚ್ಚು ಹಾಕಲೆಂದು ಬಿಟ್ಟ ಖಾಲಿ ಜಾಗ. ಆ ಜಾಗ ಖಾಲಿಯಾಗಿಯೇ ಉಳಿಯಿತು. "ಟಿಕೇಟು ಅನೌನ್ಸ್ ಆದ ಮಾರನೇ ದಿನ ಬಿಲ್ಲು ಚುಕ್ತಾ ಮಾಡ್ತೀನಿ ಅಂದಿದ್ರು ಸಾರ್. ಅನೌನ್ಸ್ ಆಯ್ತು, ಬೇರೆಯವರಿಗೆ. ಅವತ್ತಿನಿಂದ ಫೋನ್ ಎತ್ತಿದ್ರೆ ಕೇಳಿ" ಎಂದು ಪ್ರೆಸ್ಸಿನ ಮಾಲೀಕರು ನಗುತ್ತಾ ಹೇಳಿದರು. ನಗು ಬಂದಿತ್ತೇ ವಿನಾ ಬಾಕಿ ಬಂದಿರಲಿಲ್ಲ.

ಇದು ಪ್ರೆಸ್ಸಿನವರೊಬ್ಬರ ಕತೆಯಲ್ಲ ಸ್ವಾಮಿ. ಶಾಮಿಯಾನದವರನ್ನು ಕೇಳಿ, ಟ್ಯಾಕ್ಸಿ ಸ್ಟ್ಯಾಂಡಿನವರನ್ನು ಕೇಳಿ, ಹಾರ ಕಟ್ಟುವವರನ್ನು ಕೇಳಿ. ಎಲೆಕ್ಷನ್ನಿನಲ್ಲಿ ಸೋತವನ ಬಾಕಿಯಾದರೂ ಅಷ್ಟಿಷ್ಟು ವಸೂಲಾಗುತ್ತೆ, ಯಾಕೆಂದರೆ ಸೋತವನು ಊರಲ್ಲಿ ತಲೆ ಎತ್ತಿ ತಿರುಗಬೇಕು, ಮುಂದಿನ ಸಲ ಮತ್ತೆ ನಿಲ್ಲಬೇಕು. ಟಿಕೇಟೇ ಸಿಗದವನ ಬಾಕಿ ಮಾತ್ರ ಮಣ್ಣುಪಾಲು. ಆತ ಅಭ್ಯರ್ಥಿಯೇ ಅಲ್ಲ, ಆಕಾಂಕ್ಷಿ. ಆಕಾಂಕ್ಷಿಗೆ ಕೊಟ್ಟ ಸಾಲವನ್ನು ಯಾವ ಕೋರ್ಟಿನಲ್ಲಿ ಕೇಳೋಣ?

ಈ ಮಾತು ಈಗ ಯಾಕೆ ಬಂತು ಅಂತೀರಾ? ಇವತ್ತಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳಿಗೆ ಮುಗಿಯಬೇಕು. ಆದರೆ ಆಕಾಂಕ್ಷಿಗಳ ಅವಧಿ ಶುರುವಾಗಿಬಿಟ್ಟಿದೆ. ಗಣಪತಿ ಪೆಂಡಾಲಿನ ಫ್ಲೆಕ್ಸ್ ನೋಡಿ, ಹುಟ್ಟುಹಬ್ಬದ ಬ್ಯಾನರ್ ನೋಡಿ, ಕ್ರಿಕೆಟ್ ಟೂರ್ನಮೆಂಟಿನ ಕಪ್ಪು ಯಾರ ಕೈಯಿಂದ ಕೊಡಿಸ್ತಿದ್ದಾರೆ ನೋಡಿ. ಪಿ.ಬಿ. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಎಣಿಸುತ್ತಾ ಹೋದರೆ ಹಳೇ ಬಸ್ ಸ್ಟ್ಯಾಂಡ್ ದಾಟುವುದರೊಳಗೆ ಲೆಕ್ಕ ತಪ್ಪುತ್ತದೆ. ಸಾಲ ಕೇಳಿಕೊಂಡು ಮತ್ತೆ ಅಂಗಡಿಗೆ ಬರ್ತಾರೆ. ಅದಕ್ಕೇ ಈ ಟಿಕೇಟು ಅನ್ನೋ ಪದಾರ್ಥ ಎಲ್ಲಿ ತಯಾರಾಗುತ್ತೆ, ಯಾರು ತಯಾರು ಮಾಡ್ತಾರೆ ಅನ್ನೋದನ್ನ ಅಂಗಡಿಕಾರರೂ ಬಸ್ ಪ್ರಯಾಣಿಕರೂ ಒಂದಿಷ್ಟು ತಿಳಿದುಕೊಂಡಿರುವುದು ಒಳ್ಳೆಯದು.

ಟಿಕೇಟು ಅಂದರೆ ಎರಡು ಹಾಳೆ. ಒಂದು ಎ ಫಾರಂ, ಇನ್ನೊಂದು ಬಿ ಫಾರಂ. ನಮ್ಮ ಪಕ್ಷದ ಪರವಾಗಿ ಅಭ್ಯರ್ಥಿ ಯಾರೆಂದು ಹೇಳುವ ಅಧಿಕಾರ ಇಂಥವರಿಗೆ ಕೊಟ್ಟಿದ್ದೇವೆ, ಅವರ ಸಹಿ ಹೀಗಿರುತ್ತದೆ ಎಂದು ಪಕ್ಷದ ದೊಡ್ಡವರು ತಿಳಿಸುವುದು ಎ ಫಾರಂ. ಆ ಅಧಿಕಾರ ಪಡೆದವರು ಈ ಕ್ಷೇತ್ರಕ್ಕೆ ನಮ್ಮ ಹುರಿಯಾಳು ಇವನೇ ಎಂದು ಬರೆದು ಕೊಡುವುದು ಬಿ ಫಾರಂ. 1968ರ ಚುನಾವಣಾ ಚಿಹ್ನೆಗಳ ಆದೇಶದಲ್ಲಿ ಇದರ ವಿಧಿವಿಧಾನ ಇದೆ. ಸಹಿ ಶಾಯಿಯಲ್ಲೇ ಇರಬೇಕು, ರಬ್ಬರ್ ಸ್ಟಾಂಪು ನಡೆಯೋದಿಲ್ಲ, ಫ್ಯಾಕ್ಸು ನಡೆಯೋದಿಲ್ಲ. ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಮೇಜಿನ ಮೇಲಿರಬೇಕು. ಒಂದು ನಿಮಿಷ ತಡವಾದರೂ ಆತ ಪಕ್ಷದ ಅಭ್ಯರ್ಥಿಯಲ್ಲ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಸ್ವತಂತ್ರನಿಗೆ ಕ್ಷೇತ್ರದ ಹತ್ತು ಮಂದಿ ಮತದಾರರ ಸಹಿ ಬೇಕು. ಡಿಪಾಸಿಟ್ಟು ಇಬ್ಬರಿಗೂ ಒಂದೇ, 10,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ.

ನೋಡಿ, ಕಾನೂನು ಎಷ್ಟು ಕಟ್ಟುನಿಟ್ಟು! ಶಾಯಿಯಿಂದ ಹಿಡಿದು ಗಡಿಯಾರದವರೆಗೆ ಎಲ್ಲಾ ಬರೆದಿದೆ. ಆದರೆ ಆ ಬಿ ಫಾರಂ ಮೇಲೆ ಹೆಸರು ಬರೆಯುವ ಮೊದಲು ಯಾರನ್ನು ಕೇಳಬೇಕು? ಬೂತಿನ ಕಾರ್ಯಕರ್ತನನ್ನೇ, ತಾಲ್ಲೂಕು ಅಧ್ಯಕ್ಷನನ್ನೇ, ಮತದಾರನನ್ನೇ? ಇದರ ಬಗ್ಗೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿ ಹುಡುಕಿದರೆ ಒಂದು ಸಾಲೂ ಸಿಗೋದಿಲ್ಲ. ಪಕ್ಷಗಳ ಒಳಗೂ ಪ್ರಜಾಪ್ರಭುತ್ವ ಕಡ್ಡಾಯ ಮಾಡಿ ಎಂದು ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ 1999ರಲ್ಲೇ ಹೇಳಿತ್ತು. ಆ ವರದಿ ಎಲ್ಲಾ ವರದಿಗಳೂ ಹೋಗುವ ಊರಿಗೆ ಹೋಯಿತು.

2023ರಲ್ಲಿ ಏನಾಯಿತು ಅನ್ನೋದನ್ನ ಒಮ್ಮೆ ನೆನಪು ಮಾಡಿಕೊಳ್ಳಿ. ಕಾಂಗ್ರೆಸ್ ಪಕ್ಷ 124 ಹೆಸರುಗಳ ಮೊದಲ ಪಟ್ಟಿಯನ್ನು ಮಾರ್ಚ್ 25ಕ್ಕೆ ಬಿಟ್ಟಿತು. ಬಿಜೆಪಿಯ 189 ಹೆಸರುಗಳ ಮೊದಲ ಪಟ್ಟಿ ಬಂದದ್ದು ಏಪ್ರಿಲ್ 11ರ ರಾತ್ರಿ, ದೆಹಲಿಯಿಂದ. ಅಧಿಸೂಚನೆ ಏಪ್ರಿಲ್ 13ಕ್ಕೆ, ನಾಮಪತ್ರಕ್ಕೆ ಕಡೇ ದಿನ 20, ಮತದಾನ ಮೇ 10. ಪಕ್ಕದ ಶಿವಮೊಗ್ಗ ನಗರಕ್ಕೆ ಬಿಜೆಪಿಯ ಹುರಿಯಾಳು ಯಾರೆಂದು ಜನಕ್ಕೆ ಗೊತ್ತಾದದ್ದು ಏಪ್ರಿಲ್ 19ಕ್ಕೆ, ಅಂದರೆ ಅರ್ಜಿ ಹಾಕಲು ಒಂದು ದಿನ ಉಳಿದಿರುವಾಗ. ಹೊಸ ಸೊಸೆಗೆ ಮನೆ ತೋರಿಸುವಷ್ಟೂ ಪುರುಸೊತ್ತಿಲ್ಲ. ಕಾಂಗ್ರೆಸ್ಸಿನವರೂ ಕಮ್ಮಿ ಇಲ್ಲ. ಶಿಗ್ಗಾವಿಯಲ್ಲಿ ಮೊದಲು ಒಬ್ಬರ ಹೆಸರು ಹೇಳಿ, ಕೊನೇ ಗಳಿಗೆಯಲ್ಲಿ ಇನ್ನೊಬ್ಬರಿಗೆ ಬದಲಾಯಿಸಿದರು. ಅದೂ ಎದುರಿಗೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನಿಂತಿರುವ ಕ್ಷೇತ್ರದಲ್ಲಿ.

ಒಂದು ಕ್ಷೇತ್ರಕ್ಕೆ ಸುಮಾರು ಎರಡು ಲಕ್ಷ ಮತದಾರರು ಅಂತಿಟ್ಟುಕೊಳ್ಳಿ. ಅವರ ಮುಂದೆ ಗೆಲ್ಲುವ ತಾಕತ್ತಿರುವ ಹೆಸರು ಎರಡೋ ಮೂರೋ. ಆ ಎರಡು ಮೂರು ಹೆಸರನ್ನು ಆರಿಸಿದವರು ಒಂದು ಕೋಣೆಯಲ್ಲಿ ಕೂತ ಹತ್ತಿಪ್ಪತ್ತು ಮಂದಿ. ಅವರಲ್ಲಿ ಎಷ್ಟು ಜನಕ್ಕೆ ಜಗಳೂರಿನ ಕೆರೆ ಗೊತ್ತು, ಮಾಯಕೊಂಡದ ರಸ್ತೆ ಗೊತ್ತು? ತರಕಾರಿ ಮಾರ್ಕೆಟ್ಟಿನಲ್ಲಿ ನಾವು ಬದನೇಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡ್ತೇವೆ. ನಮ್ಮ ಶಾಸಕನನ್ನು ಮಾತ್ರ ಬೇರೆಯವರು ಬುಟ್ಟಿಯಲ್ಲಿ ಹಾಕಿ ಕಳಿಸ್ತಾರೆ, ನಾವು ಬುಟ್ಟಿ ಆರಿಸಬೇಕು ಅಷ್ಟೆ.

ಕೋಣೆಯಲ್ಲಿ ಕೂತವರ ಲೆಕ್ಕ ಸರಿಯಿದ್ದರಾದರೂ ಆಗಲಿ ಅನ್ನಬಹುದಿತ್ತು. ನಮ್ಮ ಸುತ್ತಮುತ್ತಲ ತಾಲ್ಲೂಕುಗಳನ್ನೇ ನೋಡಿ. ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಗೆ ಸೇರಿದ್ದರೂ ಬಹಳ ಕಾಲ ನಮ್ಮ ಜಿಲ್ಲೆಯಲ್ಲೇ ಇದ್ದದ್ದು, ಲೋಕಸಭೆಗೆ ಇಂದಿಗೂ ದಾವಣಗೆರೆ ಕ್ಷೇತ್ರವೇ. ಅಲ್ಲಿ ಎಂ.ಪಿ. ಪ್ರಕಾಶರ ಮಗಳು ಲತಾ ಮಲ್ಲಿಕಾರ್ಜುನ ಕಾಂಗ್ರೆಸ್ ಟಿಕೇಟು ಕೇಳಿದರು, ಕೊಡಲಿಲ್ಲ. ಸ್ವತಂತ್ರವಾಗಿ ನಿಂತರು, ಗೆದ್ದರು. ಗೆದ್ದ ಮೇಲೆ ಅದೇ ಕಾಂಗ್ರೆಸ್ ಸರ್ಕಾರಕ್ಕೆ ಬೆಂಬಲ ಕೊಟ್ಟರು. ಅಂದರೆ ಜನ ಒಪ್ಪಿದವರನ್ನು ಪಕ್ಷ ಒಪ್ಪಿರಲಿಲ್ಲ, ಜನ ಆರಿಸಿದ ಮೇಲೆ ಪಕ್ಷವೂ ಒಪ್ಪಿತು. ಈ ಸುತ್ತು ಬಳಸಿನ ದಾರಿ ಯಾಕೆ ಬೇಕಿತ್ತು? ಅಧಿಕೃತ ಅಭ್ಯರ್ಥಿಗೆಂದು ಅಲ್ಲಿ ಓಡಾಡಿದ ಕಾರ್ಯಕರ್ತನ ಪೆಟ್ರೋಲು ಯಾರ ಲೆಕ್ಕಕ್ಕೆ?

ಚನ್ನಗಿರಿಯಲ್ಲಿ ಆಗಿನ ಶಾಸಕ ಮಾಡಾಳ್ ವಿರೂಪಾಕ್ಷಪ್ಪನವರ ಮನೆಗೆ ಬಿಜೆಪಿ ಟಿಕೇಟು ಸಿಗಲಿಲ್ಲ. ಮಗ ಮಲ್ಲಿಕಾರ್ಜುನ ಸ್ವತಂತ್ರರಾಗಿ ನಿಂತು ಎರಡನೇ ಸ್ಥಾನಕ್ಕೆ ಬಂದರು. ಪಕ್ಷದ ಅಧಿಕೃತ ಅಭ್ಯರ್ಥಿ ಮೂರನೆಯವರು. ಗೆದ್ದವರು ಕಾಂಗ್ರೆಸ್ಸಿನ ಬಸವರಾಜು ಶಿವಗಂಗಾ. ಟಿಕೇಟು ಕೊಡದೇ ಇದ್ದದ್ದು ಸರಿಯೋ ತಪ್ಪೋ ಅದು ಬೇರೆ ಚರ್ಚೆ. ಆದರೆ ಪಕ್ಷದ ಸ್ವಂತ ಮತದಾರರನ್ನು ಮೊದಲೇ ಕೇಳಿದ್ದರೆ ಮನೆಯ ಜಗಳ ಮನೆಯಲ್ಲೇ ಮುಗಿಯುತ್ತಿತ್ತು.

ಜಗಳೂರಿನದು ಇನ್ನೊಂದು ರೀತಿ. ಅಲ್ಲಿ ಮಾಜಿ ಶಾಸಕ ಎಚ್.ಪಿ. ರಾಜೇಶ್ ಅವರಿಗೆ ಕಾಂಗ್ರೆಸ್ ಟಿಕೇಟು ತಪ್ಪಿ, ಅವರು ಸ್ವತಂತ್ರರಾಗಿ ನಿಂತರು. ಪಕ್ಷ ಕೊಟ್ಟದ್ದು ಬಿ. ದೇವೇಂದ್ರಪ್ಪನವರಿಗೆ. ಹಿಂದೆ ಜಗಳೂರಿನ ವಿದ್ಯಾಸಂಸ್ಥೆಯಲ್ಲಿ ಜವಾನರಾಗಿ ಬೆಲ್ ಹೊಡೆದವರು. ಸಾವಿರಕ್ಕೂ ಕಮ್ಮಿ ಮತದ ಅಂತರದಲ್ಲಿ ಬಿಜೆಪಿಯನ್ನು ಸೋಲಿಸಿ ವಿಧಾನಸೌಧಕ್ಕೆ ಹೋದರು. ಜವಾನರಾಗಿದ್ದವರೊಬ್ಬರು ಶಾಸಕರಾದದ್ದು ಕಂಡು ನನಗಂತೂ ಖುಷಿಯೇ ಆಯಿತು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಕೋಣೆಯಲ್ಲಿ ಕೂತವರು ಒಮ್ಮೊಮ್ಮೆ ಒಳ್ಳೆಯದನ್ನೂ ಮಾಡ್ತಾರೆ. ಈ ಮಾತಿಗೆ ಮತ್ತೆ ಬರ್ತೇನೆ.

ದೂರದ ಊರುಗಳ ಕತೆ ನಿಮಗೆ ಟಿವಿಯವರು ಸಾಕಷ್ಟು ತೋರಿಸಿದ್ದಾರೆ. ಮುಖ್ಯಮಂತ್ರಿಯಾಗಿದ್ದ ಜಗದೀಶ ಶೆಟ್ಟರ್ ಹುಬ್ಬಳ್ಳಿಯಲ್ಲಿ ಟಿಕೇಟು ಸಿಗದೆ ಕಾಂಗ್ರೆಸ್ ಸೇರಿ, ಸೋತು, 2024ರ ಜನವರಿಯಲ್ಲಿ ಮತ್ತೆ ಬಿಜೆಪಿಗೆ ಬಂದು, ಅದೇ ವರ್ಷ ಬೆಳಗಾವಿಯಿಂದ ಲೋಕಸಭೆಗೆ ಹೋದರು. ಲಕ್ಷ್ಮಣ ಸವದಿ ಅಥಣಿಯಲ್ಲಿ ಹಾಗೇ ಕಾಂಗ್ರೆಸ್ ಸೇರಿ, ಭಾರೀ ಅಂತರದಲ್ಲಿ ಗೆದ್ದರು. ಪುತ್ತೂರಿನಲ್ಲಿ ಬಿಜೆಪಿಯವರದೇ ಬಂಡಾಯ, ಅರುಣ್ ಕುಮಾರ್ ಪುತ್ತಿಲ ಸ್ವತಂತ್ರವಾಗಿ ನಿಂತು ಎರಡನೆಯವರಾದರು, ಬಿಜೆಪಿ ಮೂರನೇ ಸ್ಥಾನಕ್ಕೆ ಇಳಿಯಿತು, ಸೀಟು ಕಾಂಗ್ರೆಸ್ಸಿಗೆ. ಒಟ್ಟು 224ರಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಸೋಲಿಗೆ ಕಾರಣ ನೂರೆಂಟು ಇರಬಹುದು. ಟಿಕೇಟು ಹಂಚಿಕೆಯೂ ಅದರಲ್ಲಿ ಒಂದು ಎಂದು ಆ ಪಕ್ಷದವರೇ ಬೇಕರಿ ಮುಂದೆ ನಿಂತು ಮಾತಾಡಿಕೊಂಡದ್ದನ್ನು ನಾನೂ ಕೇಳಿದ್ದೇನೆ, ನೀವೂ ಕೇಳಿದ್ದೀರಿ.

ಪಕ್ಷಗಳು ಕೇಳುವ ಶಾಸ್ತ್ರವನ್ನೇ ಮಾಡಲಿಲ್ಲ ಅನ್ನುವಂತಿಲ್ಲ. ಕಾಂಗ್ರೆಸ್ಸಿನವರು 2022ರ ನವೆಂಬರಿನಲ್ಲಿ ಅರ್ಜಿ ಕರೆದರು. ಅರ್ಜಿ ಫಾರಂಗೆ 5,000 ರೂಪಾಯಿ, ಜೊತೆಗೆ 2 ಲಕ್ಷದ ಡಿ.ಡಿ., ಪರಿಶಿಷ್ಟರಿಗೆ 1 ಲಕ್ಷ. ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು. ಸೀಟು 224. ಉಳಿದವರ ದುಡ್ಡು ಪಕ್ಷದ ಕಟ್ಟಡಕ್ಕೆ, ಪ್ರಚಾರಕ್ಕೆ. ಸರ್ಕಾರ ಕೇಳುವ ಡಿಪಾಸಿಟ್ಟು ಹತ್ತು ಸಾವಿರ, ಪಕ್ಷ ಕೇಳುವುದು ಅದರ ಇಪ್ಪತ್ತರಷ್ಟು! ಡಿಪಾಸಿಟ್ಟಾದರೆ ಆರರಲ್ಲಿ ಒಂದು ಪಾಲು ಮತ ಬಂದರೆ ವಾಪಸ್ಸು ಸಿಗುತ್ತೆ. ಬೀಡಾ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷ ಬಾವುಟ ಕಟ್ಟಿದ ಕಾರ್ಯಕರ್ತ ಎರಡು ಲಕ್ಷ ಎಲ್ಲಿಂದ ತರಬೇಕು? ಬಾಗಿಲಲ್ಲೇ ಅವನಿಗೆ ಬೀಗ.

ಬಿಜೆಪಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2023ರ ಮಾರ್ಚ್ 31ಕ್ಕೆ ಜಿಲ್ಲೆ ಜಿಲ್ಲೆಯಲ್ಲೂ ಪದಾಧಿಕಾರಿಗಳನ್ನು ಕರೆಸಿ, ಯಾರು ಅಭ್ಯರ್ಥಿ ಆಗಬೇಕು ಅಂತ ಚೀಟಿಯಲ್ಲಿ ಬರೆಸಿ, ಪೆಟ್ಟಿಗೆಗೆ ಹಾಕಿಸಿದರು. ಬಹಳ ಒಳ್ಳೇ ಕೆಲಸ. ಆಮೇಲೆ ಪೆಟ್ಟಿಗೆ ಬೆಂಗಳೂರಿಗೆ ಹೋಯಿತು. ಯಾರಿಗೆ ಎಷ್ಟು ಚೀಟಿ ಬಿತ್ತು ಎಂದು ಚೀಟಿ ಹಾಕಿದವರಿಗೇ ಹೇಳಲಿಲ್ಲ. ಪರೀಕ್ಷೆ ಬರೆಸಿ ಮಾರ್ಕ್ಸ್ ಕಾರ್ಡು ಕೊಡದ ಶಾಲೆ ಇದ್ದ ಹಾಗೆ. ಎಣಿಕೆ ಗುಟ್ಟಾಗಿದ್ದರೆ ಅದು ಸಲಹಾ ಪೆಟ್ಟಿಗೆ ಸ್ವಾಮಿ, ಮತಪೆಟ್ಟಿಗೆ ಅಲ್ಲ.

ಇದಕ್ಕೂ ಮೊದಲು 2014ರ ಲೋಕಸಭೆಗೆ ರಾಹುಲ್ ಗಾಂಧಿಯವರು ಅಮೆರಿಕದ ಮಾದರಿಯ ಪ್ರೈಮರಿ ಎಂಬ ಪ್ರಯೋಗ ಮಾಡಿದ್ದರು. ದೇಶದ ಹತ್ತು ಹದಿನೈದು ಕ್ಷೇತ್ರಗಳಲ್ಲಿ ಪಕ್ಷದವರೇ ಓಟು ಹಾಕಿ ಅಭ್ಯರ್ಥಿ ಆರಿಸಬೇಕು ಎಂದು. ನಮ್ಮ ರಾಜ್ಯದ ಪಾಲಿಗೆ ಬಂದದ್ದು ಎರಡು, ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಅಲ್ಲಿಂದ ಸಿ. ನಾರಾಯಣಸ್ವಾಮಿ, ಇಲ್ಲಿಂದ ಜನಾರ್ದನ ಪೂಜಾರಿ ಅಭ್ಯರ್ಥಿಗಳಾದರು. ಇಬ್ಬರೂ ಸೋತರು. ಒಬ್ಬರು ಸದಾನಂದ ಗೌಡರ ಎದುರು, ಇನ್ನೊಬ್ಬರು ನಳಿನ್ ಕುಮಾರ್ ಕಟೀಲ್ ಎದುರು. ಪ್ರೈಮರಿ ಮಾಡಿದ್ದಕ್ಕೇ ಸೋತರು ಎಂದು ಪಕ್ಷದೊಳಗಿನವರು ಆ ಪ್ರಯೋಗವನ್ನು ಮಣ್ಣು ಮಾಡಿದರು. ಅಲ್ಲಾ, ಆ ವರ್ಷ ಪ್ರೈಮರಿ ಮಾಡದ ಕಡೆಯೆಲ್ಲಾ ಗೆದ್ದಿದ್ದರಾ? ದೇಶದ ತುಂಬ ಸಿಕ್ಕಿದ್ದು 44 ಸೀಟು. ಮಳೆ ಬಂದು ಊರೆಲ್ಲಾ ಕೊಚ್ಚಿ ಹೋದಾಗ ನೀನು ಕೊಟ್ಟ ಕೊಡೆ ಸರಿಯಿಲ್ಲ ಅಂದಂತಾಯಿತು.

ಆ ಅಮೆರಿಕದ ಪದ್ಧತಿ ಏನು ಅಂತ ಒಂದೆರಡು ಮಾತು. ಅಲ್ಲಿ ರಾಜ್ಯದ ಚುನಾವಣೆಗೆ ಮೊದಲು ಪಕ್ಷದ ಅಭ್ಯರ್ಥಿಯನ್ನು ಆರಿಸಲಿಕ್ಕೇ ಒಂದು ಚುನಾವಣೆ. ಪಕ್ಷದ ಆಫೀಸಿನಲ್ಲಲ್ಲ, ಹೆಚ್ಚಿನ ಕಡೆ ಸರ್ಕಾರದ್ದೇ ಮತಗಟ್ಟೆಯಲ್ಲಿ, ಗುಪ್ತ ಮತದಾನ. ಹಿಂದೆ ಅಲ್ಲೂ ಕೋಣೆಯಲ್ಲಿ ಕೂತು ಸಿಗಾರು ಸೇದುತ್ತಾ ಟಿಕೇಟು ಹಂಚುತ್ತಿದ್ದವರೇ. ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ರಾಬರ್ಟ್ ಲಾ ಫಾಲೆಟ್ ಹಟ ಹಿಡಿದು ಅದನ್ನು ಬದಲಾಯಿಸಿದರು. 1904ರಲ್ಲಿ ಜನರೇ ಓಟು ಹಾಕಿ ಕಾನೂನನ್ನು ಒಪ್ಪಿದರು, 1906ರಲ್ಲಿ ಮೊದಲ ಪ್ರೈಮರಿ ನಡೆಯಿತು. ಆಮೇಲೆ ಉಳಿದ ರಾಜ್ಯಗಳು.

ಅದರ ಪವರ್ರು ಎಷ್ಟು ಅನ್ನೋದಕ್ಕೆ ಜಾರ್ಜಿಯಾ ರಾಜ್ಯದ 2022ರ ಕತೆ ಕೇಳಿ. ಅಲ್ಲಿನ ಗವರ್ನರ್ ಬ್ರಯಾನ್ ಕೆಂಪ್ ಮೇಲೆ ಡೊನಾಲ್ಡ್ ಟ್ರಂಪ್‌ಗೆ ಸಿಟ್ಟು. 2020ರ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ತಿರುಗಿಸಲು ಸಹಕರಿಸಲಿಲ್ಲ ಅಂತ. ಅದಕ್ಕೇ ಡೇವಿಡ್ ಪರ್ಡ್ಯೂ ಎಂಬುವರನ್ನು ಅವರ ಎದುರು ನಿಲ್ಲಿಸಿ ಖುದ್ದು ಪ್ರಚಾರ ಮಾಡಿದರು. ಆ ಪಕ್ಷದಲ್ಲಿ ಟ್ರಂಪ್‌ಗಿಂತ ದೊಡ್ಡ ಹೈಕಮಾಂಡ್ ಯಾರಿದ್ದಾರೆ ಹೇಳಿ? ಮೇ ತಿಂಗಳ ಪ್ರೈಮರಿಯಲ್ಲಿ ಕೆಂಪ್‌ಗೆ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮತ ಬಂತು. ನವೆಂಬರಿನಲ್ಲಿ ಮತ್ತೆ ಗವರ್ನರ್ ಆದರು. ನಮ್ಮಲ್ಲಿ ಹೈಕಮಾಂಡ್ ಸಿಟ್ಟಾದ ಹಾಲಿ ಶಾಸಕನಿಗೆ ಉಳಿಯುವ ದಾರಿ ಎರಡೇ, ಮನೆಯಲ್ಲಿ ಕೂರೋದು, ಇಲ್ಲಾ ಎದುರು ಪಾರ್ಟಿಯ ಬಾಗಿಲು ತಟ್ಟೋದು. ಪಕ್ಷದೊಳಗೇ ಇದ್ದು ಪಕ್ಷದ ಜನರನ್ನೇ ಕೇಳುವ ಮೂರನೇ ದಾರಿ ಅವರಿಗಿದೆ.

ಹಾಗಂತ ಅಮೆರಿಕದವರೆಲ್ಲಾ ದೇವರು ಅಂತ ನಾನು ಹೇಳೋದಿಲ್ಲ. ಇದೇ ಪ್ರೈಮರಿಯನ್ನು ದಕ್ಷಿಣದ ರಾಜ್ಯಗಳಲ್ಲಿ ದಶಕಗಟ್ಟಲೆ ಬಿಳಿಯರಿಗೆ ಮಾತ್ರ ಮೀಸಲಿಟ್ಟಿದ್ದರು. ಪಕ್ಷ ನಮ್ಮ ಖಾಸಗಿ ಸಂಘ, ಒಳಗೆ ಯಾರು ಬರಬೇಕು ಅಂತ ನಾವೇ ತೀರ್ಮಾನಿಸ್ತೀವಿ ಎಂದು ವಾದ. ಟೆಕ್ಸಾಸಿನ ಕರಿಯ ಮತದಾರರೊಬ್ಬರ ಕೇಸಿನಲ್ಲಿ 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದು ನಡೆಯೋದಿಲ್ಲ ಅಂದಿತು. ಈ ವಿಷಯ ಯಾಕೆ ಎತ್ತಿದೆ ಅಂದರೆ, ನಮ್ಮಲ್ಲೂ ಪಕ್ಷದೊಳಗೆ ಓಟು ಅಂತ ಶುರು ಮಾಡಿದರೆ ಮೊದಲು ಏಳುವ ಪ್ರಶ್ನೆ ಇದೇ. ಓಟುದಾರರ ಪಟ್ಟಿ ಯಾರ ಕೈಲಿ? ಮೆಂಬರ್‌ಶಿಪ್ ಬುಕ್ಕು ಯಾರ ಗೋಡೌನಿನಲ್ಲಿ? ಸದಸ್ಯತ್ವ ಅಭಿಯಾನ ಅಂದರೆ ಮಿಸ್ಡ್ ಕಾಲ್ ಕೊಟ್ಟರೆ ಸಾಕು ಎನ್ನುವ ಕಾಲ ಇದು. ದುಡ್ಡಿದ್ದವನು ಒಂದೇ ರಾತ್ರಿಯಲ್ಲಿ ಐದು ಸಾವಿರ ಸದಸ್ಯರನ್ನು ಹುಟ್ಟಿಸಬಲ್ಲ, ಅದರಲ್ಲಿ ಅರ್ಧ ಜನಕ್ಕೆ ತಾವು ಹುಟ್ಟಿದ್ದೇ ಗೊತ್ತಿರೋದಿಲ್ಲ.

ಇನ್ನು ಜಗಳೂರಿನ ಮಾತಿಗೆ ಬರ್ತೇನೆ ಅಂದಿದ್ದೆ. ನನ್ನ ಹಿರಿಯ ಮಿತ್ರರೊಬ್ಬರು, ಕಿರಾಣಿ ವ್ಯಾಪಾರದವರು, ಈ ಅಂಕಣದ ವಿಷಯ ಹೇಳಿದಾಗ ಗರಂ ಆದರು. "ನೀವು ಹೇಳೋ ಹಂಗೆ ಊರೋರೆಲ್ಲಾ ಸೇರಿ ಟಿಕೇಟು ಆರಿಸಿದ್ರೆ ಯಾರಿಗೆ ಸಿಗುತ್ತೆ? ದೊಡ್ಡ ಜಾತಿಯ ದೊಡ್ಡ ಕುಳಕ್ಕೆ ತಾನೆ? ದೇವರಾಜ ಅರಸರು ಹಿಂಗೇ ಕೇಳ್ಕೊಂಡು ಕೂತಿದ್ರೆ ನಮ್ಮಂಥ ಸಣ್ಣ ಜಾತಿಯೋರು ವಿಧಾನಸೌಧದ ಮೆಟ್ಲು ಹತ್ತುತಿದ್ವಾ?" ಅಂದರು.

ಮಾತಿನಲ್ಲಿ ತೂಕವಿದೆ, ನಾನು ಸುಮ್ಮನಾದೆ. ಅರಸರು 1972ರಲ್ಲೂ 1978ರಲ್ಲೂ ಮಾಡಿದ್ದು ಅದನ್ನೇ. ಅಲ್ಲಿಯವರೆಗೆ ಶಾಸಕರನ್ನೇ ಕಾಣದ ಜಾತಿಗಳ ಹುಡುಗರನ್ನು ಹುಡುಕಿ ಹುಡುಕಿ ಟಿಕೇಟು ಕೊಟ್ಟರು. ಊರ ಯಜಮಾನರನ್ನು ಕೇಳಿದ್ದರೆ ಅವರಲ್ಲಿ ಹೆಚ್ಚಿನವರ ಹೆಸರು ಪಟ್ಟಿಗೇ ಬರುತ್ತಿರಲಿಲ್ಲ. 1978ರಲ್ಲಿ ಇಂದಿರಾ ಕಾಂಗ್ರೆಸ್ ಹುಟ್ಟಿ ಎರಡು ತಿಂಗಳೂ ಆಗಿರಲಿಲ್ಲ, 224ರಲ್ಲಿ 149 ಗೆದ್ದಿತು. 2022ರಲ್ಲಿ ಎಐಸಿಸಿ ಅಧ್ಯಕ್ಷರಾದ ಮಲ್ಲಿಕಾರ್ಜುನ ಖರ್ಗೆ ಮೊದಲ ಸಲ ಗುರುಮಿಠಕಲ್‌ನಿಂದ ಗೆದ್ದದ್ದೂ ಆ 1972ರ ಚುನಾವಣೆಯಲ್ಲೇ. ಹಾಗಾಗಿ ಮೇಲಿನಿಂದ ಬಂದ ಟಿಕೇಟೆಲ್ಲಾ ಅನ್ಯಾಯ, ಕೆಳಗಿನಿಂದ ಬಂದದ್ದೆಲ್ಲಾ ನ್ಯಾಯ ಎಂದು ಬರೆದರೆ ನನ್ನ ಲೇಖನಿಗೇ ನಾಚಿಕೆ.

ಆದರೆ ಆ ಮಿತ್ರರಿಗೆ ನಾನು ಮಾರನೇ ದಿನ ಕೇಳಿದ್ದು ಇಷ್ಟೆ. ಅರಸರು ಒಬ್ಬರಿದ್ದರು, ಸರಿ. ಈಗ ಮೇಲಿನ ಕೋಣೆಯಿಂದ ಬರುವ ಪಟ್ಟಿಯಲ್ಲಿ ಸಣ್ಣ ಜಾತಿಯ ಹುಡುಗ ಎಷ್ಟು, ದೊಡ್ಡ ಮನೆಯ ಹುಡುಗ ಎಷ್ಟು? 2023ರಲ್ಲಿ 224 ಮಂದಿ ಗೆದ್ದವರಲ್ಲಿ ಹೆಂಗಸರು ಎಷ್ಟು ಗೊತ್ತೇ? ಹತ್ತು. ಲತಾ ಮಲ್ಲಿಕಾರ್ಜುನ ಅವರೂ ಸೇರಿ ಹತ್ತು, ಅವರಿಗೂ ಪಕ್ಷ ಟಿಕೇಟು ಕೊಟ್ಟಿರಲಿಲ್ಲ. 2024ರ ಲೋಕಸಭೆಗೆ ನಮ್ಮ ದಾವಣಗೆರೆಯಲ್ಲಿ ಎರಡೂ ದೊಡ್ಡ ಪಕ್ಷ ಮಹಿಳೆಯರಿಗೇ ಕೊಟ್ಟವು, ಸಂತೋಷ. ಒಬ್ಬರು ಆಗಿನ ಸಂಸದ ಜಿ.ಎಂ. ಸಿದ್ದೇಶ್ವರರ ಪತ್ನಿ, ಇನ್ನೊಬ್ಬರು ಸಚಿವ ಎಸ್.ಎಸ್. ಮಲ್ಲಿಕಾರ್ಜುನ ಅವರ ಪತ್ನಿ, ಶಾಮನೂರು ಶಿವಶಂಕರಪ್ಪನವರ ಸೊಸೆ. ಇಬ್ಬರ ಯೋಗ್ಯತೆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಷ್ಟು ದೊಡ್ಡ ಜಿಲ್ಲೆಯಲ್ಲಿ ಮೂರನೇ ಮನೆ ಇರಲಿಲ್ಲವೇ? ಕಾಂಗ್ರೆಸ್ ಟಿಕೇಟು ಸಿಗದೆ ಸ್ವತಂತ್ರವಾಗಿ ನಿಂತ ಜಿ.ಬಿ. ವಿನಯ್ ಕುಮಾರ್ 40 ಸಾವಿರಕ್ಕೂ ಹೆಚ್ಚು ಮತ ತೆಗೆದರು. ಗೆಲುವಿನ ಅಂತರವೇ 26 ಸಾವಿರದ ಆಸುಪಾಸು. ಮಿತ್ರರು ಬೆಲ್ಲ ತೂಗುತ್ತಾ, "ಅದೂ ಹೌದು ಕಣ್ರೀ" ಅಂದರು. ಒಪ್ಪಿದರೋ, ಗಿರಾಕಿ ನಿಂತಿದ್ದರು ಅಂತ ಅಂದರೋ ಗೊತ್ತಿಲ್ಲ.

ದುಡ್ಡಿನ ಮಾತು ಒಂದು ಉಳಿದಿದೆ. ವಿಧಾನಸಭೆ ಅಭ್ಯರ್ಥಿ 40 ಲಕ್ಷದ ಮೇಲೆ ಖರ್ಚು ಮಾಡಬಾರದು, ಪೈಸೆ ಪೈಸೆ ಲೆಕ್ಕ ಕೊಡಬೇಕು. ಆದರೆ ಆ ಲೆಕ್ಕ ಶುರುವಾಗುವುದು ನಾಮಪತ್ರ ಹಾಕಿದ ದಿನದಿಂದ. ಅದಕ್ಕೆ ಮುಂಚೆ ಟಿಕೇಟಿಗಾಗಿ ಸುರಿದದ್ದಕ್ಕೆ, ಬೆಂಗಳೂರಿಗೆ ನೂರು ಕಾರಿನಲ್ಲಿ ಬೆಂಬಲಿಗರನ್ನು ಕರೆದೊಯ್ದದ್ದಕ್ಕೆ, ದೆಹಲಿ ಹೋಟೆಲ್ ಬಾಡಿಗೆಗೆ, ಸೀರೆ ಹಂಚಿದ್ದಕ್ಕೆ, ಕುಕ್ಕರ್ ಹಂಚಿದ್ದಕ್ಕೆ ಯಾವ ಲೆಕ್ಕವೂ ಇಲ್ಲ. ನಮ್ಮ ಪ್ರೆಸ್ಸಿನವರ ಎಂಟು ಕಟ್ಟು ಬಿದ್ದಿರುವುದು ಆ ಲೆಕ್ಕವಿಲ್ಲದ ಖಾತೆಯಲ್ಲಿ. ಹೀಗೆ ಸುರಿದು ಗೆದ್ದವನು ಮೊದಲ ಎರಡು ವರ್ಷ ಯಾರ ಕೆಲಸ ಮಾಡ್ತಾನೆ ಅಂತ ನಾನು ಹೇಳಬೇಕೇ?

ಆಗದ ಮಾತು ನಾನು ಹೇಳೋದಿಲ್ಲ. ಸರ್ಕಾರದ ಖರ್ಚಿನಲ್ಲಿ ಎರಡೆರಡು ಚುನಾವಣೆ ನಡೆಸಿ ಎಂದರೆ ಖಜಾನೆಯವರು ಹೊಡೆಯಲು ಬರ್ತಾರೆ. ಆದರೆ ಪಕ್ಷಗಳು ದುಡ್ಡಿಲ್ಲದೆ ಮಾಡಬಹುದಾದದ್ದು ಇದೆ. ಯಾರು ಯಾರು ಟಿಕೇಟು ಕೇಳಿದ್ದಾರೆ ಅನ್ನೋ ಪಟ್ಟಿಯನ್ನು ತಾಲ್ಲೂಕು ಆಫೀಸಿನ ಬೋರ್ಡಿನ ಮೇಲೆ ಹಾಕಲಿ, ಅರ್ಜಿ ಹಾಕಿದವನೇ ಹಾಕಿಲ್ಲ ಅನ್ನೋ ಸುಳ್ಳಾದರೂ ನಿಲ್ಲುತ್ತೆ. ಬೂತ್ ಕಮಿಟಿಯವರು ಪ್ರತೀ ಪಕ್ಷದಲ್ಲೂ ಇದ್ದಾರೆ, ಅವರ ಹೆಸರಿನ ಪಟ್ಟಿ ಆರು ತಿಂಗಳು ಮೊದಲೇ ಗಟ್ಟಿಯಾಗಿರಲಿ, ಅವರಿಂದಲೇ ಗುಪ್ತ ಮತ ಹಾಕಿಸಿ, ಸಂಜೆಯೊಳಗೆ ಅದೇ ಹಾಲಿನಲ್ಲಿ ಎಣಿಸಿ, ಮೈಕಿನಲ್ಲಿ ಹೇಳಲಿ. ಆಮೇಲೂ ಹೈಕಮಾಂಡ್ ಬೇರೆಯವರಿಗೆ ಕೊಡಬೇಕು ಅಂದರೆ ಕೊಡಲಿ, ಸಣ್ಣ ಜಾತಿಯವನಿಗೆ, ಹೆಣ್ಣುಮಗಳಿಗೆ, ಜವಾನನಿಗೆ ಧಾರಾಳವಾಗಿ ಕೊಡಲಿ. ಆದರೆ ಕಾರಣ ಬರೆದು ಕೊಡಲಿ. ಕಾರಣ ಬರೆಯುವುದು ಹೊಸದೇನಲ್ಲ. ಕ್ರಿಮಿನಲ್ ಕೇಸ್ ಇರುವವನಿಗೆ ಟಿಕೇಟು ಕೊಟ್ಟರೆ ಯಾಕೆ ಕೊಟ್ಟಿರಿ ಎಂದು 48 ಗಂಟೆಯೊಳಗೆ ಪ್ರಕಟಿಸಬೇಕು, ಬರೀ ಗೆಲ್ಲುವ ಕುದುರೆ ಅನ್ನೋದು ಕಾರಣ ಆಗೋದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲೇ ಹೇಳಿದೆ. ಕೇಸಿದ್ದವನ ಬಗ್ಗೆ ಕಾರಣ ಬರೆಯೋ ಪೆನ್ನು, ಕೇಸಿಲ್ಲದವನ ಬಗ್ಗೆ ಬರೆಯೋಕೆ ಸವೆಯುತ್ತಾ?

ಪಕ್ಷದೊಳಗೆ ಓಟು ಹಾಕಿಸೋದು ಆಗದ ಹೋಗದ ಕೆಲಸ ಅಂತೀರಾ? ಖರ್ಗೆಯವರು ಅಧ್ಯಕ್ಷರಾದದ್ದೇ ಹಾಗೆ. 2022ರ ಅಕ್ಟೋಬರಿನಲ್ಲಿ ದೇಶದಾದ್ಯಂತ ಒಂಬತ್ತು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಓಟು ಹಾಕಿದರು. ಖರ್ಗೆಯವರಿಗೆ 7,897, ಶಶಿ ತರೂರ್‌ಗೆ 1,072. ಎಣಿಸಿದರು, ಹೇಳಿದರು, ಆಕಾಶ ಬೀಳಲಿಲ್ಲ. ದೇಶಕ್ಕೊಬ್ಬ ಅಧ್ಯಕ್ಷನನ್ನು ಓಟು ಹಾಕಿ ಆರಿಸಬಹುದಾದರೆ ಹರಪನಹಳ್ಳಿಗೊಬ್ಬ ಅಭ್ಯರ್ಥಿಯನ್ನು ಆರಿಸಲು ಏನು ಧಾಡಿ?

ಪ್ರೆಸ್ಸಿನ ಮಾಲೀಕರು ಈ ಸಲ ಹೊಸ ರೂಲ್ಸ್ ಮಾಡಿದ್ದಾರೆ. ಕೌಂಟರಿನ ಮೇಲೆ ಸಣ್ಣ ಬೋರ್ಡು ತೂಗು ಹಾಕಿದ್ದಾರೆ: "ಆಕಾಂಕ್ಷಿಗಳಿಗೆ ಪೂರ್ತಿ ಅಡ್ವಾನ್ಸ್. ಬಿ ಫಾರಂ ತಂದವರಿಗೆ ಅರ್ಧ." ಮೊನ್ನೆ ನಾನು ಹೋದಾಗ ಬಿಳೀ ಪಂಚೆಯವರೊಬ್ಬರು ಆ ಬೋರ್ಡನ್ನು ಎರಡು ಸಲ ಓದಿ, ಚಹಾ ಕುಡಿದು, ಎದುರಿನ ಪ್ರೆಸ್ಸಿನ ಕಡೆ ನಡೆದರು.